ಚಕ್ರದೊಳಗಿನ ಕೆಂಪು: ಬ್ರೇಕ್ ಕ್ಯಾಲಿಪರ್‌ಗೆ ಬಣ್ಣವೋ, ಕವರೋ?

ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇವೆ.



ಒಂದು ಕೆಲಸ ಮಾಡಿ. ಬಿ.ಸಿ. ರೋಡ್‌ನಲ್ಲೋ, ಬೆಳ್ತಂಗಡಿ ಪೇಟೆಯಲ್ಲೋ, ಮೂಡುಬಿದಿರೆಯ ಬಸ್ ಸ್ಟ್ಯಾಂಡ್ ಹತ್ತಿರವೋ ಹತ್ತು ನಿಮಿಷ ನಿಂತು, ಹೋಗುವ ಕಾರುಗಳ ಚಕ್ರ ಮಾತ್ರ ನೋಡಿ. ಅಲಾಯ್ ವೀಲ್‌ನ ಸಂದಿಯಲ್ಲಿ ಕೆಂಪಗೋ ಹಳದಿಯಾಗೋ ಒಂದು ಗಟ್ಟಿ ಮುದ್ದೆ ಕಾಣ್ತದೆ. ಚಕ್ರ ತಿರುಗಿದರೂ ಅದು ತಿರುಗುವುದಿಲ್ಲ, ಇದ್ದಲ್ಲೇ ಇರ್ತದೆ. ಅದೇ ಬ್ರೇಕ್ ಕ್ಯಾಲಿಪರ್.

ಅದು ಎಂತ ಮಾಡ್ತದೆ ಅಂತ ಕೇಳಿದ್ರೆ, ಸೈಕಲ್ ಬಿಟ್ಟವರಿಗೆಲ್ಲ ಅರ್ಥ ಆಗ್ತದೆ. ಸೈಕಲ್‌ನ ಬ್ರೇಕ್ ಹಿಡಿದಾಗ ಎರಡು ರಬ್ಬರ್ ತುಂಡು ರಿಮ್ಮನ್ನು ಎರಡೂ ಬದಿಯಿಂದ ಅಮುಕುತ್ತವೆ. ಕಾರಿನಲ್ಲಿ ರಿಮ್ಮಿನ ಬದಲು ಚಕ್ರದ ಜೊತೆ ತಿರುಗುವ ಒಂದು ಎರಕದ ಕಬ್ಬಿಣದ ತಟ್ಟೆ ಉಂಟು, ಅದು ಡಿಸ್ಕ್. ಆ ತಟ್ಟೆಯನ್ನು ಎರಡು ಪ್ಯಾಡ್‌ಗಳ ನಡುವೆ ಅಮುಕಿ ಹಿಡಿಯುವ ಇಕ್ಕಳವೇ ಕ್ಯಾಲಿಪರ್. ನೀವು ಪೆಡಲ್ ಒತ್ತಿದಾಗ ಪೈಪಿನೊಳಗಿನ ಬ್ರೇಕ್ ಆಯಿಲ್ ಕ್ಯಾಲಿಪರ್‌ನ ಪಿಸ್ಟನ್ ತಳ್ಳುತ್ತದೆ, ಪಿಸ್ಟನ್ ಪ್ಯಾಡನ್ನು ತಳ್ಳುತ್ತದೆ. ಇಷ್ಟೇ ಕೆಲಸ.

ಈಗ ಪ್ರಶ್ನೆ. ಈ ಇಕ್ಕಳ ಚಂದ ಕಾಣಬೇಕು ಅಂತ ಆಸೆಪಡುವವರಿಗೆ ಎರಡು ದಾರಿ ಉಂಟು. ಒಂದು, ಅದಕ್ಕೇ ಬಣ್ಣ ಬಳಿಯುವುದು. ಇನ್ನೊಂದು, ಅದರ ಮೇಲೆ ಬಣ್ಣದ ಒಂದು ಕವರ್ ಕೂರಿಸುವುದು. ಯಾವುದು ಅಗ್ಗ, ಯಾವುದು ಬೇಗ ಆಗ್ತದೆ ಅನ್ನೋದು ಸಾಮಾನ್ಯ ಚರ್ಚೆ. ನಾವು ಇವತ್ತು ಚರಿತ್ರೆಯ ಕಡೆಯಿಂದ ಬರೋಣ. ಯಾಕಂದ್ರೆ ಈ ಬ್ರೇಕನ್ನು ಮುಚ್ಚಳದಿಂದ ಹೊರಗೆ ತರೋದಕ್ಕೆ ಜಗತ್ತಿನ ಎಂಜಿನಿಯರುಗಳಿಗೆ ಐವತ್ತು ವರ್ಷ ಬೇಕಾಯ್ತು. ಅದು ಗೊತ್ತಾದ ಮೇಲೆ ಮತ್ತೆ ಮುಚ್ಚಳ ಹಾಕಬೇಕೋ ಬೇಡವೋ ಅಂತ ನೀವೇ ತೀರ್ಮಾನ ಮಾಡಬಹುದು.

ಘಟ್ಟದ ಬುಡದ ಊರುಗಳು

ಮೊದಲು ನಮ್ಮ ಊರಿನ ಭೂಗೋಳ. ಬಂಟ್ವಾಳ ಒಂದು ಕವಲು. ಇಲ್ಲಿಂದ ರಾಷ್ಟ್ರೀಯ ಹೆದ್ದಾರಿ 75 ಉಪ್ಪಿನಂಗಡಿ, ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತಿ ಸಕಲೇಶಪುರಕ್ಕೆ ಹೋಗ್ತದೆ. ಹೆದ್ದಾರಿ 73 ಬೆಳ್ತಂಗಡಿ, ಉಜಿರೆ ದಾಟಿ ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರ ಸೇರ್ತದೆ. ಮೂಡುಬಿದಿರೆ ಮೇಲೆ ಹೋಗುವ ಹೆದ್ದಾರಿ 169 ಕಾರ್ಕಳ ದಾಟಿ ಕುದುರೆಮುಖದ ಕಾಡು ಹೊಕ್ಕು ಶೃಂಗೇರಿ ಕಡೆ ಏರ್ತದೆ. ಅಂದ್ರೆ ಈ ಮೂರು ಊರಿನವರು ಬೆಂಗಳೂರಿಗೆ, ಚಿಕ್ಕಮಗಳೂರಿಗೆ, ಶಿವಮೊಗ್ಗಕ್ಕೆ ಎಲ್ಲಿಗೆ ಹೋಗಬೇಕಾದ್ರೂ ಘಟ್ಟ ಹತ್ತಲೇಬೇಕು. ಹತ್ತಿದವರು ಇಳಿಯಲೇಬೇಕು.

ಇಳಿಯುವಾಗ ಎಂತ ಆಗ್ತದೆ? ಒಂದು ಸಣ್ಣ ಲೆಕ್ಕ ಮಾಡೋಣ, ಹೆದರಬೇಡಿ. ಜನ ಸೇರಿ 1000 ಕಿಲೋ ತೂಗುವ ಒಂದು ಕಾರು 700 ಮೀಟರ್ ಎತ್ತರದಿಂದ ಕೆಳಗೆ ಬರ್ತದೆ ಅಂತ ಇಟ್ಕೊಳ್ಳಿ. ಅಷ್ಟು ಎತ್ತರ ಇಳಿಯುವಾಗ ಅದರಿಂದ ಬಿಡುಗಡೆಯಾಗುವ ಶಕ್ತಿ ಸುಮಾರು 68 ಲಕ್ಷ ಜೌಲ್. ಜೌಲ್ ಅಂದ್ರೆ ತಲೆಗೆ ಹೋಗೋದಿಲ್ಲ ಅಲ್ವಾ? ಬಚ್ಚಲಿನ ಹಂಡೆ ನೆನಪು ಮಾಡ್ಕೊಳ್ಳಿ. 30 ಡಿಗ್ರಿಯ ತಣ್ಣೀರು, 23 ಲೀಟರ್. ಅದನ್ನು 100 ಡಿಗ್ರಿವರೆಗೆ ಕಾಯಿಸೋದಕ್ಕೆ ಬೇಕಾಗುವಷ್ಟು ಬಿಸಿ ಅದು. ಇದರಲ್ಲಿ ಒಂದಷ್ಟನ್ನು ಎಂಜಿನ್ ತಡೆದುಕೊಳ್ತದೆ, ಒಂದಷ್ಟು ಗಾಳಿಗೆ ಹೋಗ್ತದೆ. ಗೇರ್ ಇಳಿಸದೆ ಬರೇ ಬ್ರೇಕ್ ಒತ್ತಿಕೊಂಡೇ ಬಂದ್ರೆ ಹೆಚ್ಚಿನ ಪಾಲು ನಾಲ್ಕು ಚಕ್ರದ ಬ್ರೇಕುಗಳಿಗೇ, ಅದರಲ್ಲೂ ಮುಂದಿನ ಎರಡಕ್ಕೆ.

ಬ್ರೇಕ್ ಅಂದ್ರೆ ವೇಗವನ್ನು ನುಂಗುವ ಯಂತ್ರ ಅಲ್ಲ, ವೇಗವನ್ನು ಬಿಸಿ ಮಾಡಿ ಗಾಳಿಗೆ ಬಿಡುವ ಯಂತ್ರ. ಬಿಡೋದಕ್ಕೆ ಆಗದಿದ್ರೆ ಬ್ರೇಕ್ ಸಿಗುವುದಿಲ್ಲ. ಇಷ್ಟನ್ನು ಮನಸ್ಸಿನಲ್ಲಿ ಇಟ್ಕೊಂಡು ಹಿಂದಕ್ಕೆ ಹೋಗೋಣ.

ಗಾಡಿಯ ಮರದ ತುಂಡಿನಿಂದ ಡ್ರಮ್ಮಿಗೆ

ಎತ್ತಿನ ಗಾಡಿ, ಕುದುರೆ ಗಾಡಿಗಳ ಕಾಲದಲ್ಲಿ ಬ್ರೇಕ್ ಅಂದ್ರೆ ಚಕ್ರದ ಪಟ್ಟಿಗೆ ಒತ್ತುವ ಮರದ ತುಂಡು. ಇಂಗ್ಲೆಂಡಿನ ಡರ್ಬಿಶೈರ್ ಅನ್ನೋ ಗುಡ್ಡಗಾಡಿನಲ್ಲೂ ಹಾಗೆಯೇ. ಅಲ್ಲಿನ ಗಾಡಿಯವರು ಆ ಮರದ ತುಂಡಿಗೆ ಹಳೇ ಬೂಟಿನ ಚರ್ಮ ಹೊಡೆದು ಹಿಡಿತ ಹೆಚ್ಚಿಸ್ತಿದ್ರು. ಅದನ್ನು ನೋಡಿದ ಹರ್ಬರ್ಟ್ ಫ್ರೂಡ್ ಎಂಬಾತ ಬ್ರೇಕಿಗೆ ಒಳ್ಳೆಯ ಲೈನಿಂಗ್ ಮಾಡುವ ಕೆಲಸಕ್ಕೆ ಇಳಿದ. 1897ರಲ್ಲಿ ಶುರುವಾದ ಅವನ ಕಂಪನಿಯೇ ಫೆರೋಡೊ. ಫ್ರೂಡ್ ಎಂಬ ಹೆಸರಿನ ಅಕ್ಷರಗಳನ್ನು ಅದಲುಬದಲು ಮಾಡಿ, ಹೆಂಡತಿ ಎಲಿಜಬೆತ್‌ಳ ಮೊದಲ ಅಕ್ಷರ ಸೇರಿಸಿ ಮಾಡಿದ ಹೆಸರು ಅದು.

ನೋಡಿ, ಘಟ್ಟ ಇಳಿಯುವ ಗಾಡಿಯವನ ಕಷ್ಟದಿಂದಲೇ ಬ್ರೇಕ್ ಲೈನಿಂಗ್ ಉದ್ಯಮ ಹುಟ್ಟಿದ್ದು. ಮುಂದೆ ಆ ಲೈನಿಂಗ್‌ಗೆ ಬಿಸಿ ತಡೆಯುವ ಆಸ್‌ಬೆಸ್ಟಾಸ್ ಬಂತು. ಇಪ್ಪತ್ತನೇ ಶತಮಾನದ ಹೆಚ್ಚಿನ ಕಾಲ ಅದೇ ನಡೀತು. ಅದರ ಧೂಳು ಶ್ವಾಸಕೋಶಕ್ಕೆ ವಿಷ ಅಂತ ಗೊತ್ತಾಗುವಷ್ಟರಲ್ಲಿ ಜಗತ್ತಿನ ಎಷ್ಟೋ ಗ್ಯಾರೇಜುಗಳಲ್ಲಿ ಮೆಕ್ಯಾನಿಕ್‌ಗಳು ಡ್ರಮ್ ಬಿಚ್ಚಿ, ಗಾಳಿ ಊದಿ, ಅದನ್ನೇ ಉಸಿರಾಡಿಯಾಗಿತ್ತು.

1902 ಒಂದು ವಿಶೇಷ ವರ್ಷ. ಅದೇ ವರ್ಷ ಫ್ರಾನ್ಸ್‌ನಲ್ಲಿ ಲೂಯಿ ರೆನೋ ಡ್ರಮ್ ಬ್ರೇಕ್ ತಂದ. ಚಕ್ರದ ನಡುವೆ ಡೋಲಿನ ಹಾಗೆ ಒಂದು ಪೆಟ್ಟಿಗೆ, ಅದರೊಳಗೆ ಅಗಲಿಸಿ ಒತ್ತುವ ಎರಡು ಬ್ರೇಕ್ ಶೂ. ಅದೇ ವರ್ಷ ಇಂಗ್ಲೆಂಡಿನಲ್ಲಿ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ತಗೊಂಡ. ತಟ್ಟೆ ಹೊರಗೆ, ಹಿಡಿಯುವ ಇಕ್ಕಳವೂ ಹೊರಗೆ. ಆದ್ರೆ ಲ್ಯಾಂಚೆಸ್ಟರ್‌ನ ತಾಮ್ರದ ಪ್ಯಾಡುಗಳು ಭಾರೀ ಕಿರುಚುತ್ತಿದ್ವು, ಆ ಕಾಲದ ಮಣ್ಣು ರಸ್ತೆಯ ಧೂಳಿಗೆ ಬೇಗ ಸವೆದೂ ಹೋಗ್ತಿದ್ವು. ಹಾಗಾಗಿ ಗೆದ್ದದ್ದು ಡ್ರಮ್. ಧೂಳಿನ ಕಾಲಕ್ಕೆ ಮುಚ್ಚಳ ಬೇಕಿತ್ತು, ಸಿಕ್ಕಿತು. ಮುಚ್ಚಳವನ್ನು ಬೈಯುವ ಮೊದಲು ಇದನ್ನು ಒಪ್ಪಿಕೊಳ್ಳಬೇಕು.

ನಮ್ಮ ಜಿಲ್ಲೆಗೆ ಮೋಟಾರು ಬಸ್ಸು ಬಂದದ್ದು ಆ ಡ್ರಮ್ಮಿನ ಕಾಲದಲ್ಲೇ. 1914ರಲ್ಲಿ ಮಂಗಳೂರಿನಿಂದ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ ಬಸ್ ಓಡಿಸಲು ಶುರು ಮಾಡಿತು. ಸಿಪಿಸಿ ಅಂದ್ರೆ ಹಿರಿಯರಿಗೆ ಈಗಲೂ ನೆನಪಾಗ್ತದೆ, ಮನೆಯಲ್ಲಿ ಅಜ್ಜ ಅಜ್ಜಿ ಇದ್ರೆ ಕೇಳಿ ನೋಡಿ. ಮುಂದೆ ಎಷ್ಟೋ ದಶಕ ಬಸ್ಸು, ಲಾರಿ, ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಎಲ್ಲ ನಮ್ಮ ಘಟ್ಟಗಳನ್ನು ಹತ್ತಿ ಇಳಿದದ್ದು ಡ್ರಮ್ ಬ್ರೇಕ್ ನಂಬಿಕೊಂಡು.

ಡ್ರಮ್ಮಿಗೆ ಎರಡು ಕಾಯಿಲೆ. ಒಂದು ಬಿಸಿ. ಕಬ್ಬಿಣ ಕಾದರೆ ಹಿಗ್ಗುತ್ತದೆ. ಡ್ರಮ್ ಹಿಗ್ಗಿದ್ರೆ ಒಳಗಿನ ಶೂಗಳಿಂದ ದೂರ ಹೋಗ್ತದೆ. ಅಂದ್ರೆ ಹೆಚ್ಚು ಬೇಕಾದ ಹೊತ್ತಿಗೇ ಬ್ರೇಕ್ ಕೈಕೊಡ್ತದೆ, ಪೆಡಲ್ ಇನ್ನೂ ಆಳಕ್ಕೆ ಒತ್ತಬೇಕು. ಇನ್ನೊಂದು ನೀರು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ಮದು. ತೋಡು ದಾಟಿದಾಗ ಡ್ರಮ್ಮಿನೊಳಗೆ ನೀರು ಹೊಕ್ಕಿದ್ರೆ ಬೇಗ ಹೊರಗೆ ಬರೋದಿಲ್ಲ, ಮುಚ್ಚಳ ಅಲ್ವಾ. ಹಾಗಾಗಿ ಹಳೇ ಡ್ರೈವರುಗಳು ನೀರು ದಾಟಿದ ಮೇಲೆ ಮೆಲ್ಲ ಬ್ರೇಕ್ ಒತ್ತಿ ಒತ್ತಿ ಒಣಗಿಸಿಕೊಂಡು ಮುಂದೆ ಹೋಗ್ತಿದ್ರು. ಹತ್ತಿದ ಗೇರಿನಲ್ಲೇ ಇಳಿ ಅನ್ನುವ ಘಾಟಿಯ ನಿಯಮವೂ ಆ ಕಾಲದ್ದೇ.

ಆ ಕಾಲವನ್ನು ಕಣ್ಣಾರೆ ನೋಡಬೇಕಾದ್ರೆ ದೂರ ಹೋಗೋದು ಬೇಡ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ ಹಳೆಯ ಕಾರುಗಳ ದೊಡ್ಡ ಸಂಗ್ರಹಾಲಯ ಉಂಟು. ಎಲ್ಲರೂ ಕಾರಿನ ಮೂತಿ, ದೀಪ, ಸೀಟು ನೋಡ್ಕೊಂಡು ಮುಂದೆ ಹೋಗ್ತಾರೆ. ನೀವು ಮುಂದಿನ ಸಲ ಬಗ್ಗಿ ಚಕ್ರ ನೋಡಿ. ಹೊಳೆಯುವ ವೀಲ್ ಕಪ್, ಅದರ ಹಿಂದೆ ಚಕ್ರ, ಅದರ ಹಿಂದೆ ಮುಚ್ಚಿದ ಡ್ರಮ್. ಬ್ರೇಕ್ ಅನ್ನೋದು ತೋರಿಸುವ ವಸ್ತುವೇ ಆಗಿರಲಿಲ್ಲ.

ಮುಚ್ಚಳ ತೆಗೆದ ದಿನ

ಲ್ಯಾಂಚೆಸ್ಟರ್‌ನ ಡಿಸ್ಕ್ ಮತ್ತೆ ಎದ್ದು ಬಂದದ್ದು ವಿಮಾನಗಳಿಂದ. ಎರಡನೇ ಮಹಾಯುದ್ಧದ ಹೊತ್ತಿಗೆ ಭಾರದ ವಿಮಾನಗಳು ವೇಗವಾಗಿ ಇಳಿದು ಸ್ವಲ್ಪ ಜಾಗದಲ್ಲೇ ನಿಲ್ಲಬೇಕಿತ್ತು. ಅಲ್ಲಿ ಪಳಗಿದ ಡಿಸ್ಕನ್ನು ಡನ್‌ಲಪ್ ಕಂಪನಿ ಜಾಗ್ವಾರ್ ಜೊತೆ ಸೇರಿ ರೇಸ್ ಕಾರಿಗೆ ತಂದಿತು. 1952ರ ಜೂನ್ 29ರಂದು ಫ್ರಾನ್ಸಿನ ರ‍್ಯಾಂಸ್‌ನಲ್ಲಿ ಸ್ಟರ್ಲಿಂಗ್ ಮಾಸ್ ಡಿಸ್ಕ್ ಬ್ರೇಕಿನ ಜಾಗ್ವಾರ್ ಸಿ-ಟೈಪ್ ಓಡಿಸಿ ಗೆದ್ದ. ಮರುವರ್ಷ, 1953ರಲ್ಲಿ, ಲಮಾನ್‌ನ 24 ಗಂಟೆಯ ರೇಸಿನಲ್ಲಿ ಇದೇ ಕಾರುಗಳು ಮೊದಲ, ಎರಡನೇ ಮತ್ತು ನಾಲ್ಕನೇ ಸ್ಥಾನ ಪಡೆದ್ವು. ಗೆದ್ದ ಕಾರಿನ ಸರಾಸರಿ ವೇಗ ಗಂಟೆಗೆ 170 ಕಿಲೋಮೀಟರ್. ಎಂಜಿನ್ ಮಾತ್ರ ಗೆಲ್ಲಿಸಿದ್ದಲ್ಲ. ತಿರುವು ಬಂದಾಗ ಉಳಿದವರಿಗಿಂತ ತಡವಾಗಿ ಬ್ರೇಕ್ ಒತ್ತುವ ಧೈರ್ಯ ಡಿಸ್ಕಿನಿಂದ ಬಂತು. ಇಡೀ ದಿನ, ಇಡೀ ರಾತ್ರಿ ಒತ್ತಿದ್ರೂ ಅದು ಸೋಲಲಿಲ್ಲ.

ಕಾರಣ ಸರಳ. ತಟ್ಟೆ ಹೊರಗೆ ಇದೆ, ಗಾಳಿ ಬಡಿತದೆ. ನೀರು ಬಿದ್ರೂ ತಿರುಗುವ ರಭಸಕ್ಕೆ ಚಿಮ್ಮಿ ಹೋಗ್ತದೆ. ಕಾದು ಹಿಗ್ಗಿದ್ರೂ ಡ್ರಮ್ಮಿನ ಹಾಗೆ ಪ್ಯಾಡಿನಿಂದ ದೂರ ಹೋಗೋದಿಲ್ಲ. 1955ರಲ್ಲಿ ಪ್ಯಾರಿಸ್‌ನಲ್ಲಿ ಸಿಟ್ರೊಯೆನ್ ಡಿಎಸ್ ಬಂದಾಗ ದೊಡ್ಡ ಸಂಖ್ಯೆಯಲ್ಲಿ ತಯಾರಾಗುವ ಕಾರಿನ ಮುಂದಿನ ಚಕ್ರಗಳಿಗೂ ಡಿಸ್ಕ್ ಸಿಕ್ಕಿತು.

1902ರಿಂದ 1955. ಲೆಕ್ಕ ಹಾಕಿ, ಅರ್ಧ ಶತಮಾನಕ್ಕಿಂತ ಹೆಚ್ಚು. ಡಿಸ್ಕ್ ಬ್ರೇಕಿನ ಚರಿತ್ರೆ ಅಂದ್ರೆ ಬ್ರೇಕಿನ ಮುಚ್ಚಳ ತೆಗೆದ ಚರಿತ್ರೆ.

ಭಾರತಕ್ಕೆ ಇದು ನಿಧಾನವಾಗಿ ಬಂತು. ಚೆನ್ನೈನ ಪಾಡಿಯಲ್ಲಿ ಟಿವಿಎಸ್ ಬಳಗದ ಬ್ರೇಕ್ಸ್ ಇಂಡಿಯಾ 1962ರಲ್ಲೇ ಶುರುವಾಗಿತ್ತು. ಆದ್ರೆ ನಮ್ಮ ಹುಡುಗರ ಬಾಯಿಗೆ ಡಿಸ್ಕ್ ಅನ್ನುವ ಪದ ಬಂದದ್ದು ಕಾರಿನಿಂದ ಅಲ್ಲ, ಬೈಕಿನಿಂದ. 1999ರ ಹೀರೋ ಹೋಂಡಾ ಸಿಬಿಝಡ್, ಆಮೇಲೆ ಪಲ್ಸರ್, 2012ರಲ್ಲಿ ಬಂದ ಕೆಟಿಎಂ ಡ್ಯೂಕ್ 200. ಡ್ಯೂಕಿನ ಕ್ಯಾಲಿಪರ್ ಮೇಲೆ ಬೈಬ್ರೆ ಅಂತ ಬರೆದದ್ದು ನೋಡಿರ್ತೀರಿ. ಇಟಲಿಯ ಬ್ರೆಂಬೊ ಕಂಪನಿ ಸಣ್ಣ ಬೈಕುಗಳಿಗಾಗಿ ಮಾಡಿದ ಬ್ರ್ಯಾಂಡ್ ಅದು. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಎಲ್ಲ ಹೊಸ ಬೈಕುಗಳಿಗೂ ಎಬಿಎಸ್ ಕಡ್ಡಾಯ ಆಯ್ತು. ಈಗ ಡಿಸ್ಕ್ ಇಲ್ಲದ ಬೈಕ್ ತಗೊಂಡ್ರೆ ಗೆಳೆಯರೇ ನಗಾಡ್ತಾರೆ.

ಕೆಂಪು ಬಣ್ಣ ಎಲ್ಲಿಂದ ಬಂತು?

ಬ್ರೇಕ್ ಹೊರಗೆ ಬಂತು ಸರಿ, ಕಣ್ಣಿಗೆ ಕಾಣಬೇಕಲ್ಲ? ಅದಕ್ಕೆ ಚಕ್ರವೂ ತೆರೆದುಕೊಳ್ಳಬೇಕಿತ್ತು. 1924ರಲ್ಲೇ ಬುಗಾಟಿಯ ಟೈಪ್ 35 ರೇಸ್ ಕಾರು ಅಲ್ಯೂಮಿನಿಯಂ ಚಕ್ರದಲ್ಲಿ ಓಡಿತ್ತು. ಆದ್ರೆ ಸಾಮಾನ್ಯ ಕಾರುಗಳಿಗೆ ಅಲಾಯ್ ವೀಲ್ ಬರಲು ತುಂಬ ದಶಕ ಹಿಡಿಯಿತು. ಅಲ್ಲಿವರೆಗೆ ಉಕ್ಕಿನ ಚಕ್ರ, ಅದರ ಮೇಲೊಂದು ವೀಲ್ ಕಪ್. ಆ ಕಪ್ಪಿನ ಕಥೆಯೂ ಚಂದ ಉಂಟು. ಮೊದಲು ಅದು ಬೇರಿಂಗಿನ ಗ್ರೀಸಿಗೆ ಧೂಳು ಹೋಗದ ಹಾಗೆ ಮುಚ್ಚುವ ಸಣ್ಣ ಟೋಪಿ. ಬರಬರುತ್ತಾ ಇಡೀ ಚಕ್ರ ಮುಚ್ಚುವ ಅಲಂಕಾರ ಆಯ್ತು. ಕೆಲಸಕ್ಕಾಗಿ ಹುಟ್ಟಿದ ಮುಚ್ಚಳ ಕೊನೆಗೆ ಅಂದಕ್ಕೆ ಮಾತ್ರ ಉಳಿಯಿತು.

ಅಲಾಯ್ ವೀಲ್ ಬಂದ ಮೇಲೆ ಸಂದಿಯಿಂದ ಕ್ಯಾಲಿಪರ್ ಇಣುಕಿತು. ಇಲ್ಲಿ ಬ್ರೆಂಬೊ ಬರ್ತದೆ. 1961ರಲ್ಲಿ ಇಟಲಿಯ ಬೆರ್ಗಮೊ ಹತ್ತಿರ ಶುರುವಾದ ಕಂಪನಿ ಇದು. 1975ರಲ್ಲಿ ಫೆರಾರಿಯ ರೇಸ್ ಕಾರುಗಳಿಗೆ ಬ್ರೇಕ್ ಕೊಡಲು ಆರಂಭಿಸಿತು. 1990ರ ದಶಕದಲ್ಲಿ ಪೋರ್ಷೆಯ ಬಲವಾದ ಕಾರುಗಳಲ್ಲಿ ಕೆಂಪು ಕ್ಯಾಲಿಪರ್ ಹೆಸರು ಮಾಡಿತು. 2001ರ ಸುಮಾರಿಗೆ ಅದೇ ಪೋರ್ಷೆ ಸೆರಾಮಿಕ್ ಡಿಸ್ಕಿನ ಬ್ರೇಕಿಗೆ ಹಳದಿ ಬಣ್ಣ ಕೊಟ್ಟಿತು. ಮುಂದೆ ಹೈಬ್ರಿಡ್ ಕಾರುಗಳಿಗೆ ಎಳೆ ಹಸಿರು, ವಿಶೇಷ ಲೇಪದ ಡಿಸ್ಕಿಗೆ ಬಿಳಿ ಬಂತು.

ಇಲ್ಲಿ ಒಂದು ವಿಷಯ ಗಮನಿಸಿ. ಅಲ್ಲಿ ಬಣ್ಣ ಅಂದ್ರೆ ಬರೇ ಅಂದ ಅಲ್ಲ, ಒಂದು ಮಾತು. ಹಳದಿ ಕಂಡ್ರೆ ಒಳಗೆ ಸೆರಾಮಿಕ್ ಡಿಸ್ಕ್ ಉಂಟು ಅಂತ ಅರ್ಥ. ಬಣ್ಣ ಹೇಳಿದ್ದು ಒಳಗೆ ಇರ್ತಿತ್ತು. ಆ ಮಾತು ಜಗತ್ತೆಲ್ಲ ಸುತ್ತಿ ನಮ್ಮ ಶೋರೂಮಿಗೂ ಬಂತು. 2019ರಲ್ಲಿ ಬಂದ ಕಿಯಾ ಸೆಲ್ಟೋಸ್‌ನ ಜಿಟಿ ಲೈನ್, 2021ರ ಹ್ಯುಂಡೈ ಐ20 ಎನ್ ಲೈನ್ ಎರಡರಲ್ಲೂ ಫ್ಯಾಕ್ಟರಿಯಿಂದಲೇ ಕೆಂಪು ಕ್ಯಾಲಿಪರ್. ಅದನ್ನು ನೋಡಿದವರಿಗೆ, ನಮ್ಮ ಕಾರಿಗೂ ಯಾಕೆ ಬೇಡ ಅನ್ನಿಸೋದು ಸಹಜ.

ಬಣ್ಣದ ದಾರಿ

ಹೆಚ್ಚಿನ ಸಾಮಾನ್ಯ ಕಾರುಗಳ ಕ್ಯಾಲಿಪರ್ ಎರಕದ ಕಬ್ಬಿಣದ್ದು. ನಮ್ಮ ಮಳೆಗೆ, ಉಪ್ಪುಗಾಳಿಗೆ ಅದು ಒಂದೆರಡು ವರ್ಷದಲ್ಲಿ ತುಕ್ಕು ಹಿಡಿದು ಕಂದು ಬಣ್ಣಕ್ಕೆ ತಿರುಗ್ತದೆ. ಹಾಗಾಗಿ ಬಣ್ಣಕ್ಕೆ ಇಲ್ಲಿ ಒಂದು ನಿಜವಾದ ಕೆಲಸ ಉಂಟು: ತುಕ್ಕು ತಡೆಯುವುದು. ಬಣ್ಣದ ಪದರ ತೀರಾ ತೆಳು, ಬಿಸಿಯನ್ನು ತಡೆದು ನಿಲ್ಲಿಸುವಷ್ಟು ದಪ್ಪ ಅಲ್ಲ.

ಆದ್ರೆ ಯಾವ ಬಣ್ಣ, ಹೇಗೆ ಅನ್ನೋದು ಮುಖ್ಯ. ಗೇಟಿಗೆ ಬಳಿಯುವ ಎನಾಮಲ್ ಇಲ್ಲಿ ನಡಿಯೋದಿಲ್ಲ. ಎರಡು ಘಾಟಿ ಇಳಿದ್ರೆ ಬಣ್ಣ ಕೆಡ್ತದೆ, ವಾಸನೆ ಬರ್ತದೆ, ಸಿಪ್ಪೆ ಏಳ್ತದೆ. ಬಿಸಿ ತಡೆಯುವ ಕ್ಯಾಲಿಪರ್ ಪೈಂಟ್ ಅಂತಲೇ ಸಿಗ್ತದೆ, ಅದೇ ಬೇಕು. ಕಾರನ್ನು ಸಮ ನೆಲದಲ್ಲಿ ನಿಲ್ಲಿಸಿ, ಬರೇ ಜ್ಯಾಕಿನ ಮೇಲೆ ಬಿಡದೆ ಸ್ಟ್ಯಾಂಡ್ ಕೊಟ್ಟು, ಚಕ್ರ ಬಿಚ್ಚಬೇಕು. ವೈರ್ ಬ್ರಶ್‌ನಿಂದ ತುಕ್ಕು ಉಜ್ಜಿ, ಉಪ್ಪುಕಾಗದ ಹಾಕಿ, ಬ್ರೇಕ್ ಕ್ಲೀನರ್‌ನಿಂದ ಎಣ್ಣೆ ಜಿಡ್ಡು ತೆಗೆಯಬೇಕು. ಪಿಸ್ಟನ್, ಅದರ ರಬ್ಬರ್, ಜಾರುವ ಪಿನ್ನುಗಳು, ಬ್ಲೀಡರ್ ನಿಪ್ಪಲ್, ಪ್ಯಾಡ್, ಡಿಸ್ಕ್ ಇವಿಷ್ಟಕ್ಕೆ ಬಣ್ಣ ತಾಗಲೇಬಾರದು. ಪಿನ್ನಿಗೆ ಬಣ್ಣ ಮೆತ್ತಿದ್ರೆ ಕ್ಯಾಲಿಪರ್ ಜಾರದೆ ಒಂದೇ ಕಡೆ ಹಿಡಿದು ನಿಲ್ತದೆ. ಪ್ಯಾಡಿಗೆ ತಾಗಿದ್ರೆ ಹಿಡಿತ ಹೋಗ್ತದೆ. ತೆಳು ಪದರ, ಒಣಗಲು ಬಿಡುವುದು, ಮತ್ತೆ ಪದರ. ಭಾನುವಾರ ಬೆಳಿಗ್ಗೆ ಶುರು ಮಾಡಿದ್ರೆ ಸಂಜೆ ಆಗ್ತದೆ.

ಪೌಡರ್ ಕೋಟಿಂಗ್ ಇನ್ನೂ ಗಟ್ಟಿ. ಆದ್ರೆ ಅದನ್ನು ಸುಮಾರು 200 ಡಿಗ್ರಿ ಒಲೆಯಲ್ಲಿ ಬೇಯಿಸಬೇಕು. ಅಂದ್ರೆ ಕ್ಯಾಲಿಪರ್ ಪೂರ್ತಿ ಬಿಚ್ಚಿ ರಬ್ಬರ್ ಸೀಲ್ ತೆಗೆಯಬೇಕು, ಮತ್ತೆ ಜೋಡಿಸಿ ಆಯಿಲ್‌ನಿಂದ ಗಾಳಿ ಹೊರಗೆ ತೆಗೆಯಬೇಕು. ಇದು ಯೂಟ್ಯೂಬ್ ನೋಡಿ ಮಾಡುವ ಕೆಲಸ ಅಲ್ಲ ಮಾರ್ರೆ, ಪಳಗಿದ ಮೆಕ್ಯಾನಿಕ್ ಬೇಕು.

ಇಷ್ಟೆಲ್ಲ ಕಷ್ಟದಲ್ಲಿ ಒಂದು ಲಾಭ ಉಂಟು. ಬಣ್ಣ ಬಳಿಯಬೇಕಾದ್ರೆ ಬ್ರೇಕನ್ನು ಹತ್ತಿರದಿಂದ ನೋಡಲೇಬೇಕು. ಪ್ಯಾಡ್ ಎಷ್ಟು ಸವೆದಿದೆ, ರಬ್ಬರ್ ಎಲ್ಲಾದ್ರೂ ಹರಿದಿದೆಯಾ, ಆಯಿಲ್ ಒಸರುತ್ತಿದೆಯಾ, ಎಲ್ಲ ಕಣ್ಣಿಗೆ ಬೀಳ್ತದೆ. ಎಷ್ಟೋ ಜನರಿಗೆ ತಮ್ಮ ಕಾರಿನ ಬ್ರೇಕಿನ ಮೊದಲ ಪರಿಚಯ ಹೀಗೆ ಆಗ್ತದೆ.

ಕವರ್‌ನ ದಾರಿ

ಕವರ್ ಅಂದ್ರೆ ಪ್ಲಾಸ್ಟಿಕ್‌ನ ಅಥವಾ ಅಲ್ಯೂಮಿನಿಯಂನ ಒಂದು ಚಿಪ್ಪು. ಕ್ಲಿಪ್ಪಿನಿಂದಲೋ ಅಂಟಿನಿಂದಲೋ ಕ್ಯಾಲಿಪರ್ ಮೇಲೆ ಕೂರ್ತದೆ. ಬೇಗ ಆಗ್ತದೆ, ಬೇಡ ಅನ್ನಿಸಿದ್ರೆ ತೆಗೆದಿಡಬಹುದು. ಅಳತೆಗೆ ಸರಿಯಾಗಿ ಮಾಡಿದ ಲೋಹದ ಕವರ್, ಕ್ಲಿಪ್ ಗಟ್ಟಿ ಇದ್ದು, ಸಮತಟ್ಟು ಊರಲ್ಲಿ ಓಡುವ ಕಾರಿಗೆ ದೊಡ್ಡ ತೊಂದರೆ ಕೊಡ್ಲಿಕ್ಕಿಲ್ಲ. ಇದನ್ನು ನ್ಯಾಯವಾಗಿ ಹೇಳಬೇಕು.

ನಮ್ಮ ಊರಿನ ಕಥೆ ಬೇರೆ. ಅಗ್ಗದ ಕವರುಗಳಲ್ಲಿ ಹೆಚ್ಚಾಗಿ ಬಳಸುವ ಎಬಿಎಸ್ ಪ್ಲಾಸ್ಟಿಕ್ ಸುಮಾರು 105 ಡಿಗ್ರಿಯಲ್ಲೇ ಮೆತ್ತಗಾಗಲು ಶುರುವಾಗ್ತದೆ. ಈ ಎಬಿಎಸ್ ಬ್ರೇಕಿನ ಎಬಿಎಸ್ ಅಲ್ಲ, ಪ್ಲಾಸ್ಟಿಕ್‌ನ ಹೆಸರು. ಘಟ್ಟ ಇಳಿದ ಕ್ಯಾಲಿಪರ್ ಅಷ್ಟು ಬಿಸಿಯನ್ನು ಸುಲಭವಾಗಿ ದಾಟಬಹುದು, ಡಿಸ್ಕಂತೂ ಅದಕ್ಕಿಂತ ಎಷ್ಟೋ ಪಟ್ಟು. ಮೆತ್ತಗಾದ ಕವರ್ ಬಾಗಿ ಅಲಾಯ್‌ನ ಕಡ್ಡಿಗೆ ತಾಗಬಹುದು, ಅಂಟು ಬಿಟ್ಟು ಚಕ್ರದೊಳಗೇ ಬೀಳಬಹುದು. ಚಕ್ರ ಬ್ಯಾಲೆನ್ಸ್ ಮಾಡಲು ರಿಮ್ಮಿನ ಒಳಮೈಗೆ ಅಂಟಿಸುವ ತೂಕದ ತುಂಡುಗಳಿಗೂ ಅದು ತಾಗಬಹುದು. ಮತ್ತೆ ನಮ್ಮ ಮುರಕಲ್ಲಿನ ಕೆಂಪು ಕೆಸರು. ಕವರಿಗೂ ಕ್ಯಾಲಿಪರಿಗೂ ನಡುವಿನ ಸಂದಿಯಲ್ಲಿ ಅದು ಹೋಗಿ ಕೂತ್ರೆ ತೇವ ಹಿಡಿದಿಟ್ಟು ಒಳಗಿಂದಲೇ ತುಕ್ಕು ಹಿಡಿಸ್ತದೆ. ಹೊರಗೆ ಕೆಂಪು ಪಳಪಳ, ಒಳಗೆ ಎಂತ ಅಂತ ಗೊತ್ತಿಲ್ಲ.

ಬಿಸಿಯ ವಿಷಯದಲ್ಲಿ ಇನ್ನೊಂದು ಇದೆ, ಅದೇ ದೊಡ್ಡದು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರ್ತದೆ. ಹೊಸ ಡಾಟ್ 3 ಆಯಿಲ್ 205 ಡಿಗ್ರಿವರೆಗೆ ಕುದಿಯಬಾರದು ಅನ್ನೋದು ನಿಯಮ. ನೀರು ಹೀರಿದ ಮೇಲೆ ಅದೇ ಮಿತಿ 140ಕ್ಕೆ ಇಳೀತದೆ. ಡಾಟ್ 4ರಲ್ಲಿ 230 ಇದ್ದದ್ದು 155 ಆಗ್ತದೆ. ಆಯಿಲ್ ಕುದಿದ್ರೆ ಗುಳ್ಳೆ ಏಳ್ತದೆ. ಗುಳ್ಳೆಯನ್ನು ಅಮುಕಬಹುದು, ಆಯಿಲನ್ನು ಅಮುಕಲು ಆಗೋದಿಲ್ಲ. ಹಾಗಾಗಿ ಪೆಡಲ್ ನೆಲ ಮುಟ್ಟುತ್ತದೆ, ಕಾರು ನಿಲ್ಲೋದಿಲ್ಲ. ಕವರ್ ಒಂದೇ ಇದನ್ನು ಮಾಡ್ತದೆ ಅಂತ ಹೇಳ್ತಾ ಇಲ್ಲ. ಹಳೇ ಆಯಿಲ್, ಟಾಪ್ ಗೇರಿನಲ್ಲಿ ಇಳಿತ, ಕಾರು ತುಂಬ ಜನ, ಇವೆಲ್ಲ ಸೇರಿದ ದಿನ ಕ್ಯಾಲಿಪರ್‌ಗೆ ಬಡಿಯಬೇಕಾದ ಗಾಳಿಯನ್ನು ಒಂದು ಚಿಪ್ಪು ತಡೆದು ನಿಂತಿರೋದು ಯಾಕೆ ಬೇಕು ಅಂತ ಕೇಳ್ತಾ ಇದ್ದೇನೆ.

ಪಿಲಿ ವೇಷ ನೋಡಿದವರಿಗೆ ಇದು ಬೇಗ ಅರ್ಥ ಆಗ್ತದೆ. ಮೈಗೆ ಬಳಿದ ಬಣ್ಣ ಮೈಯ ಜೊತೆಗೇ ಕುಣಿತದೆ. ತಲೆಗೆ ಹಾಕಿದ ಮುಖವಾಡದೊಳಗೆ ಬೆವರು, ಉಸಿರು ಎಲ್ಲ ಬೇರೆಯೇ. ಕುಣಿಯುವವನಿಗೆ ದಣಿವಾದ್ರೆ ಮುಖವಾಡ ತೆಗೆದು ಗಾಳಿ ಹಾಕಿಸಿಕೊಳ್ಳಬಹುದು. ಕ್ಯಾಲಿಪರ್‌ಗೆ ಬಾಯಿಲ್ಲ.

ಇಲ್ಲದ್ದನ್ನು ತೋರಿಸುವ ಕವರ್

ಕೊನೆಗೆ ಒಂದು ವಿಚಿತ್ರ. ನಮ್ಮ ಬಹುಪಾಲು ಸಣ್ಣ ಕಾರುಗಳ ಹಿಂದಿನ ಚಕ್ರಕ್ಕೆ ಈಗಲೂ ಡ್ರಮ್ಮೇ ಇರೋದು. ಹಿಂದಿನ ಬ್ರೇಕಿನ ಮೇಲೆ ಭಾರ ಕಡಿಮೆ, ಹ್ಯಾಂಡ್ ಬ್ರೇಕಿಗೂ ಅನುಕೂಲ, ಹಾಗಾಗಿ ಅದು ನಾಚಿಕೆಯ ವಿಷಯ ಏನೂ ಅಲ್ಲ. ಆದ್ರೆ ಆ ಡ್ರಮ್ಮಿನ ಮೇಲೆ ಕೂರಿಸಲು ಸುಳ್ಳು ಡಿಸ್ಕು, ಸುಳ್ಳು ಕ್ಯಾಲಿಪರ್ ಎರಡೂ ಮಾರಾಟಕ್ಕೆ ಸಿಗ್ತವೆ. ಇಲ್ಲಿ ಪೋರ್ಷೆಯ ಹಳದಿಯನ್ನು ನೆನಪು ಮಾಡ್ಕೊಳ್ಳಿ. ಆ ಬಣ್ಣ ಒಳಗೆ ಇದ್ದದ್ದನ್ನು ಹೇಳ್ತಿತ್ತು. ಈ ಕವರ್ ಇಲ್ಲದ್ದನ್ನು ಹೇಳ್ತದೆ. ಬಣ್ಣಕ್ಕೂ ಸುಳ್ಳು ಹೇಳಲು ಬರ್ತದೆ ಬಿಡಿ, ಸಾದಾ ಕ್ಯಾಲಿಪರ್‌ಗೆ ಕೆಂಪು ಬಳಿದು ಬ್ರೆಂಬೊ ಸ್ಟಿಕ್ಕರ್ ಹಾಕಿದ್ರೆ ಅದೂ ಅದೇ. ಇದರಲ್ಲಿ ಮೋಸ ಹೋಗೋದು ದಾರಿಹೋಕರು ಅಂತ ನಾವು ತಿಳ್ಕೊಳ್ತೇವೆ. ಆದ್ರೆ ಎರಡನೇ ಕೈಯಲ್ಲಿ ಆ ಕಾರು ತಗೊಂಡು, ನಾಲ್ಕು ಡಿಸ್ಕ್ ಉಂಟು ಅಂತ ನಂಬಿ ಮೊದಲ ಸಲ ಚಾರ್ಮಾಡಿ ಇಳಿಯುವ ಹುಡುಗನಿಗೆ ಅದು ಬರೇ ಅಲಂಕಾರ ಅಲ್ಲ.

ಕಾನೂನು ಎಂತ ಹೇಳ್ತದೆ? 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ ಬರೆದ ವಿವರಗಳು ತಯಾರಕರು ಕೊಟ್ಟ ವಿವರಕ್ಕಿಂತ ಬೇರೆ ಆಗುವ ಹಾಗೆ ವಾಹನವನ್ನು ಮಾರ್ಪಡಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು. ಕ್ಯಾಲಿಪರ್‌ನ ಬಣ್ಣ ಆರ್‌ಸಿಯಲ್ಲಿ ಬರೆಯುವ ವಿಷಯ ಅಲ್ಲ. ಆದ್ರೆ ಕಾನೂನು ಬಿಟ್ಟಿದೆ ಅಂದ ಮಾತ್ರಕ್ಕೆ ಘಾಟಿ ಬಿಡೋದಿಲ್ಲ.

ಹಾಗಾದ್ರೆ ಎಂತ ಮಾಡುವುದು?

ಆಸೆ ತಪ್ಪಲ್ಲ. ತನ್ನ ಗಾಡಿ ಚಂದ ಕಾಣಬೇಕು ಅನ್ನೋದು ಎತ್ತಿನ ಕೊಂಬಿಗೆ ಬಣ್ಣ ಹಚ್ಚಿದ ಕಾಲದಿಂದ ಬಂದ ಆಸೆ. ಬಣ್ಣ ಬೇಕು ಅನ್ನಿಸಿದ್ರೆ ಕ್ಯಾಲಿಪರ್‌ಗೇ ಬಳಿಯಿರಿ, ಬಿಸಿ ತಡೆಯುವ ಪೈಂಟ್ ತಗೊಳ್ಳಿ, ಗೊತ್ತಿದ್ದವರನ್ನು ಜೊತೆಗೆ ಇಟ್ಕೊಳ್ಳಿ. ಕವರ್ ಈಗಾಗಲೇ ಹಾಕಿದ್ರೆ ಈ ವಾರ ಒಮ್ಮೆ ತೆಗೆದು ಒಳಗೆ ನೋಡಿ. ಘಟ್ಟದ ಪ್ರಯಾಣ ಇದ್ರೆ ತೆಗೆದಿಟ್ಟೇ ಹೋಗಿ.

ಅದಕ್ಕಿಂತ ಮೊದಲು ಇನ್ನೊಂದು ಖರ್ಚು ಉಂಟು. ಬ್ರೇಕ್ ಆಯಿಲ್ ಬದಲಿಸಿ ಎರಡು ವರ್ಷ ಆಯ್ತಾ? ಪ್ಯಾಡಿನಲ್ಲಿ ಇನ್ನೂ ಎಷ್ಟು ದಪ್ಪ ಉಳಿದಿದೆ? ಈ ಎರಡಕ್ಕೆ ಉತ್ತರ ಗೊತ್ತಿಲ್ಲದಿದ್ರೆ ಬಣ್ಣದ ದುಡ್ಡು ಮೊದಲು ಅಲ್ಲಿಗೆ ಹೋಗಲಿ. ಇಳಿಯುವಾಗ ಎರಡನೇ ಗೇರ್, ಒತ್ತಿ ಬಿಡುವ ಬ್ರೇಕ್, ಮುಂದಿನ ಬಸ್ಸಿನಿಂದ ಸ್ವಲ್ಪ ದೂರ. ಲ್ಯಾಂಚೆಸ್ಟರ್‌ನ ಕಿರುಚುವ ತಾಮ್ರದಿಂದ ಇವತ್ತಿನ ಕೆಂಪು ಕ್ಯಾಲಿಪರ್‌ವರೆಗೆ ನಡೆದದ್ದೆಲ್ಲ ಒಂದೇ ಕೆಲಸಕ್ಕೆ, ಬಿಸಿ ಹೊರಗೆ ಹೋಗಲಿ ಅಂತ. ಹೋಗಲು ಬಿಡಿ.

ಇವತ್ತಿಗೆ ಇಷ್ಟು. ನಿಮ್ಮ ಮನೆಯಲ್ಲಿ ಹಳೇ ಕಾಲದಲ್ಲಿ ಘಟ್ಟ ಹತ್ತಿ ಇಳಿಸಿದ ಬಸ್ಸು, ಲಾರಿ ಡ್ರೈವರ್ ಯಾರಾದ್ರೂ ಇದ್ರೆ ಒಂದು ಸಂಜೆ ಕೂತು, ಡ್ರಮ್ ಬ್ರೇಕಿನಲ್ಲಿ ಮಳೆಗಾಲ ಹೇಗೆ ಕಳೆದ್ರಿ ಅಂತ ಕೇಳಿ. ಫೋನಿನಲ್ಲಿ ರೆಕಾರ್ಡ್ ಮಾಡಿಟ್ಕೊಳ್ಳಿ, ಅದೂ ಚರಿತ್ರೆಯೇ.